ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದ ನಿಯಮಗಳು: ಪೋಷಕರಿಗೂ ವಿದ್ಯಾರ್ಥಿಗಳಿಗೂ ಒಂದು ವಿವರಣೆ

ಪದವಿ ಕಾಲೇಜುಗಳ ಪ್ರವೇಶ ನಡೆಯುವ ದಿನಗಳಲ್ಲಿ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ತಂದೆತಾಯಂದಿರು ಕಾಲೇಜಿನ ಕಚೇರಿಯ ಮುಂದೆ ಸರದಿಯಲ್ಲಿ ನಿಂತು ಹಲವಾರು ಕಾಗದಗಳಿಗೆ ಸಹಿ ಮಾಡುತ್ತಾರೆ. ಶುಲ್ಕದ ಒಪ್ಪಿಗೆ, ಹಾಜರಾತಿಯ ಒಪ್ಪಿಗೆ, ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ ಇವುಗಳ ನಡುವೆ ಕಂಪ್ಯೂಟರ್ ಪ್ರಯೋಗಾಲಯದ ಬಳಕೆಗೆ ಸಂಬಂಧಿಸಿದ ಎರಡು ಪುಟಗಳ ಇಂಗ್ಲಿಷ್ ಪತ್ರವೊಂದು ಇರುತ್ತದೆ. ಅದನ್ನು ಓದಿ ಸಹಿ ಮಾಡಿದ ಪೋಷಕರನ್ನು ನಾನು ಈವರೆಗೆ ಕಂಡಿಲ್ಲ. ನಾಚಿಕೆಯಿಂದಲೇ ಹೇಳಬೇಕಾದ ಮಾತೆಂದರೆ, ನನ್ನ ಮಗನ ಪ್ರವೇಶದ ಸಂದರ್ಭದಲ್ಲಿ ನಾನೂ ಓದದೆಯೇ ಸಹಿ ಮಾಡಿದವನು.

ಕೆಲವು ವರ್ಷಗಳ ಹಿಂದೆ ಸೋಮವಾರದ ದರ್ಶನ ಮುಗಿದ ಮೇಲೆ ಅಜ್ಜಂಪುರ ಕಡೆಯ ರೈತರೊಬ್ಬರು ಮಠದ ಕಚೇರಿಗೆ ಬಂದರು. ಈರುಳ್ಳಿ ಕೀಳುವ ಕಾಲ. ಹೊಲದ ಕೆಲಸ ಬಿಟ್ಟು ಬಂದಿದ್ದರು. ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ಮಗ ಓದುತ್ತಿದ್ದ ಕಾಲೇಜಿನಿಂದ ಬಂದ ನೋಟಿಸು. ಇನ್ನೊಂದು, ಪ್ರವೇಶದ ದಿನ ತಾವೇ ಸಹಿ ಮಾಡಿದ್ದ ಆ ಪತ್ರದ ನಕಲು. "ಸಾರ್, ಇದ್ರಾಗೆ ನಾನೇ ರುಜು ಹಾಕೀನಂತೆ. ಏನು ಬರ್ದೈತೆ ಅಂತ ಸ್ವಲ್ಪ ಓದಿ ಹೇಳ್ರಿ" ಎಂದರು. ಆ ಕಾಲೇಜಿನ ಹೆಸರು ಇಲ್ಲಿ ಅಗತ್ಯವಿಲ್ಲ; ಇಂತಹದು ಯಾವ ಕಾಲೇಜಿನಲ್ಲಿಯೂ ಆಗಬಹುದು.

ನಡೆದದ್ದು ಇಷ್ಟು. ಪ್ರಯೋಗಾಲಯದ ಒಂದು ಯಂತ್ರದಿಂದ ಉಪನ್ಯಾಸಕಿಯೊಬ್ಬರನ್ನು ಕುರಿತು ಅಸಭ್ಯವಾದ ಮಾತುಗಳಿದ್ದ ಮಿಂಚಂಚೆ ಇಡೀ ತರಗತಿಗೆ ಹೋಗಿತ್ತು. ಅದು ಹೋದದ್ದು ಈ ಹುಡುಗನ ಹೆಸರಿನ ಖಾತೆಯಿಂದ. ಆ ದಿನ ಆತ ಕಾಲೇಜಿಗೇ ಬಂದಿರಲಿಲ್ಲ. ಆದರೆ ತನ್ನ ಬದಲಿಗೆ ಅಭ್ಯಾಸದ ಫೈಲನ್ನು ಸಲ್ಲಿಸಲೆಂದು ಗೆಳೆಯನಿಗೆ ಪಾಸ್‌ವರ್ಡ್ ಹೇಳಿದ್ದನು. ನೋಟಿಸಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಉಲ್ಲೇಖಿಸಿ, ಮುಂದಿನ ಆದೇಶದವರೆಗೆ ಪ್ರಯೋಗಾಲಯಕ್ಕೆ ಪ್ರವೇಶವಿಲ್ಲವೆಂದು ತಿಳಿಸಲಾಗಿತ್ತು. ಬಿ.ಸಿ.ಎ. ವಿದ್ಯಾರ್ಥಿಗೆ ಪ್ರಯೋಗಾಲಯದ ಬಾಗಿಲು ಮುಚ್ಚಿದರೆ ಪ್ರಾಯೋಗಿಕ ಪರೀಕ್ಷೆಯ ಬಾಗಿಲೂ ಮುಚ್ಚಿದಂತೆಯೇ.

ಅಂದು ಆ ತಂದೆಯ ಎದುರು ಕುಳಿತು ಎರಡು ಪುಟಗಳ ಪತ್ರವನ್ನು ಒಂದೊಂದೇ ವಾಕ್ಯವಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಹೇಳುವಾಗಲೇ ತಿಳಿಯಿತು, ಕೆಲವು ನಿಯಮಗಳ ಕಾರಣ ನನಗೇ ಗೊತ್ತಿಲ್ಲವೆಂದು. ಕನ್ನಡ ಎಂ.ಎ. ಓದಿದವನು ನಾನು, ಕಂಪ್ಯೂಟರ್ ನನಗೆ ನಡುವಯಸ್ಸಿನಲ್ಲಿ ಬಂದ ವಿದ್ಯೆ. ಅನಂತರ ಪ್ರಯೋಗಾಲಯದ ಮೇಲ್ವಿಚಾರಕರನ್ನೂ ವಕೀಲ ಮಿತ್ರರನ್ನೂ ಕೇಳಿ ತಿಳಿದುಕೊಂಡದ್ದನ್ನು ಭಕ್ತರ ಮತ್ತು ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹಂಚಿಕೊಂಡು ಬಳಸುವ ಯಂತ್ರ

ಮನೆಯ ಕಂಪ್ಯೂಟರಿಗೂ ಕಾಲೇಜಿನ ಕಂಪ್ಯೂಟರಿಗೂ ಇರುವ ಅಂತರವನ್ನು ಮೊದಲು ಗ್ರಹಿಸಿದರೆ ಉಳಿದ ನಿಯಮಗಳೆಲ್ಲವೂ ತಾವಾಗಿ ಅರ್ಥವಾಗುತ್ತವೆ. ಕಾಲೇಜಿನ ಯಂತ್ರದ ಮುಂದೆ ಬೆಳಿಗ್ಗೆ ಒಬ್ಬ, ಮಧ್ಯಾಹ್ನ ಇನ್ನೊಬ್ಬ, ಸಂಜೆ ಮತ್ತೊಬ್ಬ ಕುಳಿತುಕೊಳ್ಳುತ್ತಾರೆ. ದಾಸೋಹದ ಪಂಕ್ತಿಯಲ್ಲಿ ಊಟ ಮುಗಿಸಿದವರು ಎಲೆ ಎತ್ತಿ ಜಾಗ ಶುಚಿ ಮಾಡುವುದು ಮುಂದಿನ ಪಂಕ್ತಿಯವರಿಗಾಗಿ. ಪ್ರಯೋಗಾಲಯದ ಬಹುಪಾಲು ನಿಯಮಗಳೂ ಮುಂದೆ ಬಂದು ಕುಳಿತುಕೊಳ್ಳುವವನನ್ನು ಉದ್ದೇಶಿಸಿ ಮಾಡಿದವು.

ನಮ್ಮ ಭಾಗದ ವಿದ್ಯಾರ್ಥಿಗಳ ಸ್ಥಿತಿ ಇದಕ್ಕೆ ಇನ್ನಷ್ಟು ತೂಕ ಕೊಡುತ್ತದೆ. ಸಿಂಗಟಗೆರೆ, ಪಂಚನಹಳ್ಳಿ, ಯಗಟಿ ಕಡೆಗಳಿಂದ ಕಡೂರಿಗೆ, ಶಿವನಿ ಕಡೆಯಿಂದ ಅಜ್ಜಂಪುರಕ್ಕೆ, ಲಿಂಗದಹಳ್ಳಿ, ಲಕ್ಕವಳ್ಳಿಗಳಿಂದ ತರೀಕೆರೆಗೆ ಬಸ್ಸಿನಲ್ಲಿ ಬರುವ ಮಕ್ಕಳಲ್ಲಿ ಸ್ವಂತ ಕಂಪ್ಯೂಟರ್ ಇರುವವರು ವಿರಳ. ಕೈಯಲ್ಲಿ ಮೊಬೈಲ್ ಇರುತ್ತದೆ, ನಿಜ. ಆದರೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದನ್ನಾಗಲಿ, ಲೆಕ್ಕಪತ್ರದ ಟ್ಯಾಲಿಯನ್ನಾಗಲಿ ಮೊಬೈಲಿನಲ್ಲಿ ಕಲಿಯಲಾಗದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ನಮ್ಮ ಜಿಲ್ಲೆ ಸೇರಿದೆ. ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶಗಳು ಈಗ ರಾಜ್ಯದ ಯು.ಯು.ಸಿ.ಎಂ.ಎಸ್. ಎಂಬ ಏಕೀಕೃತ ಜಾಲತಾಣದ ಮೂಲಕ ನಡೆಯುತ್ತವೆ. ವಿದ್ಯಾರ್ಥಿವೇತನದ ಅರ್ಜಿ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಹೋಗುತ್ತದೆ. ಒಂದು ಪ್ರಯೋಗಾಲಯ ಒಂದು ವಾರ ಕೆಟ್ಟು ನಿಂತರೆ ಅದರ ಪೆಟ್ಟು ಪಾಠಕ್ಕಷ್ಟೇ ಅಲ್ಲ, ಈ ಅರ್ಜಿಗಳಿಗೂ ಬೀಳುತ್ತದೆ.

ಪಾಸ್‌ವರ್ಡ್ ಏಕೆ ಹೇಳಬಾರದು?

ಪಾಸ್‌ವರ್ಡ್ ಎಂಬುದು ಕಂಪ್ಯೂಟರಿಗೆ ಬಂದದ್ದೇ ವಿಶ್ವವಿದ್ಯಾಲಯವೊಂದರ ಹಂಚಿಕೆಯ ಯಂತ್ರದಿಂದ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದೇ ದೊಡ್ಡ ಯಂತ್ರವನ್ನು ಅನೇಕರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ರೂಪಿಸಿದರು. ಒಬ್ಬರ ಕಡತವನ್ನು ಇನ್ನೊಬ್ಬರು ನೋಡದಿರಲಿ, ಒಬ್ಬರ ಪಾಲಿನ ಸಮಯವನ್ನು ಇನ್ನೊಬ್ಬರು ಕಬಳಿಸದಿರಲಿ ಎಂದು ಪ್ರತಿಯೊಬ್ಬರಿಗೂ ಗುಪ್ತಪದ ಕೊಟ್ಟರು. 1962ರಲ್ಲಿ ಅಲ್ಲಿನ ಸಂಶೋಧನಾ ವಿದ್ಯಾರ್ಥಿ ಅಲನ್ ಶೆರ್ ಎಂಬಾತನಿಗೆ ವಾರಕ್ಕೆ ಹಂಚಿಕೆಯಾಗಿದ್ದ ಕೆಲವೇ ಗಂಟೆಗಳು ಸಾಲದಾದವು. ಆತ ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಂಡು ಇತರರ ಹೆಸರಿನಲ್ಲಿ ಕೆಲಸ ಮುಂದುವರಿಸಿದ. ಇದನ್ನು ಒಪ್ಪಿಕೊಂಡದ್ದು ಸುಮಾರು 25 ವರ್ಷಗಳ ಬಳಿಕ! ವಿದ್ಯಾರ್ಥಿಗಳ ಸ್ವಭಾವ ಖಂಡಾಂತರಗಳಲ್ಲಿಯೂ ಒಂದೇ ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಹಳ್ಳಿಗಳಲ್ಲಿ ಪಾಸ್‌ವರ್ಡ್ ಹೇಳದಿರುವುದು ಒಂದು ಬಗೆಯ ಅಪನಂಬಿಕೆಯೆಂಬ ಭಾವನೆಯಿದೆ. ಗೆಳೆಯ ಕೇಳಿದಾಗ "ಕೊಡಲಾರೆ" ಎನ್ನುವುದು ಹುಡುಗರಿಗೆ ಕಷ್ಟ. ಆದ್ದರಿಂದ ಅದನ್ನು ಬೇರೊಂದು ರೀತಿಯಲ್ಲಿ ತಿಳಿಸಬೇಕು: ಪಾಸ್‌ವರ್ಡ್ ಕೊಡುವುದೆಂದರೆ ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟಂತೆ. ಗೆಳೆಯ ಒಳ್ಳೆಯವನೇ ಇರಬಹುದು. ಅವನ ಪಕ್ಕದಲ್ಲಿ ಕುಳಿತವನು ಯಾರೆಂದು ನಮಗೆ ತಿಳಿಯದು. ಯಂತ್ರಕ್ಕೆ ಮುಖ ಗೊತ್ತಿಲ್ಲ, ಹೆಸರು ಮಾತ್ರ ಗೊತ್ತು. ಮೋಸದಿಂದ ಇನ್ನೊಬ್ಬರ ಪಾಸ್‌ವರ್ಡ್ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾದ ಅಪರಾಧ. ಪಾಸ್‌ವರ್ಡ್ ಕೊಟ್ಟವನು ಆ ಕಲಮಿನಡಿ ಅಪರಾಧಿಯಲ್ಲದಿದ್ದರೂ ತಾನು ನಿರಪರಾಧಿಯೆಂದು ಸಾಬೀತುಪಡಿಸಲು ಅಲೆಯಬೇಕಾದವನು ಅವನೇ. ಆ ರೈತರ ಮಗನ ಪಾಲಿಗೆ ಆದದ್ದು ಇದೇ.

ಪ್ರಯೋಗಾಲಯದ ಬಾಗಿಲಲ್ಲಿ ಇಡುವ ದಾಖಲೆ ಪುಸ್ತಕವನ್ನು ಮಕ್ಕಳು ಕಿರಿಕಿರಿಯೆಂದು ತಿಳಿಯುತ್ತಾರೆ. ಒಳಗೆ ಬಂದ ಸಮಯ, ಯಂತ್ರದ ಸಂಖ್ಯೆ, ಹೊರಗೆ ಹೋದ ಸಮಯ, ಸಹಿ: ಇಷ್ಟನ್ನೇ ಬರೆಯಬೇಕಾದದ್ದು. ಆದರೂ "ಮೇಲಿನಂತೆ" ಎಂದು ಗೀಟು ಎಳೆದು ಹೋಗುವವರುಂಟು, ಗೆಳೆಯನ ಸಹಿಯನ್ನೂ ತಾವೇ ಮಾಡುವವರುಂಟು. ಆ ಹುಡುಗನನ್ನು ಉಳಿಸಿದ್ದು ಈ ಪುಸ್ತಕವೇ. ಮಿಂಚಂಚೆ ಹೋದ ಗಂಟೆಯಲ್ಲಿ ಆ ಯಂತ್ರದ ಎದುರು ಬೇರೊಬ್ಬನ ಸಹಿ ಇತ್ತು. ಸೈಬರ್ ಕೆಫೆಗಳಿಗೆ ಕೇಂದ್ರ ಸರ್ಕಾರ 2011ರಲ್ಲಿ ಹೊರಡಿಸಿದ ನಿಯಮಗಳು ಬಳಕೆದಾರರ ದಾಖಲೆಯನ್ನು ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಬೇಕೆಂದು ಹೇಳುತ್ತವೆ. ಕಾಲೇಜು ಸೈಬರ್ ಕೆಫೆಯಲ್ಲವಾದರೂ ಅದೇ ಪದ್ಧತಿಯನ್ನು ಅನುಸರಿಸುವುದು ವಿವೇಕ.

ಹೊರಡುವ ಮುನ್ನ

ಮೇಲ್ವಿಚಾರಕರೊಬ್ಬರು ನನಗೆ ತೋರಿಸಿದ ಒಂದು ದೃಶ್ಯವನ್ನು ಮರೆಯಲಾರೆ. ಸಂಜೆ ಎಲ್ಲರೂ ಹೋದ ಮೇಲೆ ಒಂದು ಯಂತ್ರದ ಡೌನ್‌ಲೋಡ್ ಕಡತಕೋಶವನ್ನು ತೆರೆದರು. ಅಲ್ಲಿ ಹತ್ತಾರು ವಿದ್ಯಾರ್ಥಿಗಳ ಆಧಾರ್ ಪ್ರತಿಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟಗಳು, ಅಂಕಪಟ್ಟಿಗಳು ಬಿದ್ದಿದ್ದವು. ವಿದ್ಯಾರ್ಥಿವೇತನದ ಅರ್ಜಿ ತುಂಬಲೆಂದು ಇಳಿಸಿಕೊಂಡವರು ಹಾಗೆಯೇ ಬಿಟ್ಟು ಬಸ್ಸಿಗೆ ಓಡಿದ್ದರು. ಮನೆಯಲ್ಲಿ ಈ ಕಾಗದಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ.

ಆದ್ದರಿಂದ ಎದ್ದೇಳುವ ಮುನ್ನ ಮಾಡಬೇಕಾದ ಕೆಲಸಗಳು ಕೆಲವಿವೆ. ತೆರೆದ ಪ್ರತಿಯೊಂದು ತಾಣದಿಂದಲೂ ಲಾಗ್ ಔಟ್ ಆಗಬೇಕು. ಕಿಟಕಿಯನ್ನು ಮುಚ್ಚಿದ ಮಾತ್ರಕ್ಕೆ ಹೊರಬಂದಂತಾಗುವುದಿಲ್ಲ. ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಲೇ ಎಂದು ಬ್ರೌಸರ್ ಕೇಳಿದಾಗ ಬೇಡವೆನ್ನಬೇಕು. ಯಂತ್ರ ಕೇಳುವುದು ವಿನಯದಿಂದಲೇ, ಆದರೆ ಅದು ನೆನಪಿಟ್ಟುಕೊಳ್ಳುವುದು ಮುಂದೆ ಬರುವವನಿಗಾಗಿ. ಇಳಿಸಿಕೊಂಡ ಕಡತಗಳನ್ನು ಅಳಿಸಬೇಕು. ಅಳಿಸಿದವು ಮರುಬಳಕೆ ಬುಟ್ಟಿಯಲ್ಲಿ ಉಳಿಯುವುದರಿಂದ ಅದನ್ನೂ ಬರಿದು ಮಾಡಬೇಕು. ಅಜ್ಞಾತ ಕಿಟಕಿಯೆಂಬ ಬ್ರೌಸರಿನ ಸೌಲಭ್ಯವನ್ನು ಬಳಸಿದರೆ ಲಾಗಿನ್‌ನ ಗುರುತುಗಳು ಕಿಟಕಿ ಮುಚ್ಚಿದೊಡನೆ ಹೋಗುತ್ತವೆ, ಇಳಿಸಿಕೊಂಡ ಕಡತಗಳು ಮಾತ್ರ ಹೋಗುವುದಿಲ್ಲ. ತಂದೆಯ ಮೊಬೈಲಿಗೆ ಬರುವ ಒ.ಟಿ.ಪಿ.ಯನ್ನು ಪ್ರಯೋಗಾಲಯದಲ್ಲಿ ನಿಂತು ದೂರವಾಣಿಯಲ್ಲಿ ಗಟ್ಟಿಯಾಗಿ ಹೇಳಿಸಿಕೊಳ್ಳುವ ಅಭ್ಯಾಸವೂ ನಿಲ್ಲಬೇಕು.

ಪೋಷಕರಿಗೆ ಇನ್ನೊಂದು ಮಾತು. ಹಣ ಕಳೆದುಹೋದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲೇ ತಡೆಯಲು ಸಾಧ್ಯವಾಗುವುದರಿಂದ ಮೊದಲ ಗಂಟೆಗಳೇ ಮುಖ್ಯ. ಮಾನಕ್ಕೆ ಅಂಜಿ ಸಂಜೆಯವರೆಗೆ ಸುಮ್ಮನಿರಬಾರದು.

ಪೆನ್ ಡ್ರೈವ್, ತಂತ್ರಾಂಶ ಮತ್ತು ನುಡಿ

"ಹೊರಗಿನ ಪೆನ್ ಡ್ರೈವ್ ಬಳಸುವಂತಿಲ್ಲ" ಎಂಬ ನಿಯಮದ ಬಗ್ಗೆ ವಿದ್ಯಾರ್ಥಿಗಳ ದೂರು ಹೆಚ್ಚು. ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳಲು ಪೆನ್ ಡ್ರೈವ್ ಬೇಕೇ ಬೇಕು. ಆ ಅಂಗಡಿಯ ಯಂತ್ರಕ್ಕೆ ದಿನವೊಂದಕ್ಕೆ ಎಷ್ಟೋ ಜನರ ಪೆನ್ ಡ್ರೈವ್ ತಗುಲುತ್ತದೆ. ಅಲ್ಲಿ ಒಂದಕ್ಕೆ ಅಂಟಿದ ವೈರಸ್ ಎಲ್ಲರ ಕಿಸೆಯಲ್ಲಿಯೂ ಕುಳಿತು ಕಾಲೇಜಿಗೆ ಬರುತ್ತದೆ. ಪ್ರಯೋಗಾಲಯದ ಯಂತ್ರಗಳು ಒಂದಕ್ಕೊಂದು ಜಾಲದಿಂದ ಬೆಸೆದಿರುವುದರಿಂದ ಒಂದಕ್ಕೆ ಬಂದ ರೋಗ ಉಳಿದವಕ್ಕೆ ಹರಡುವುದು ಸುಲಭ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಸುಮಾರು 150 ದೇಶಗಳ ಯಂತ್ರಗಳಿಗೆ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್‌ನಲ್ಲಿಯೇ ಪರಿಹಾರ ಕೊಟ್ಟಿತ್ತು. ಹಾಕಿಕೊಳ್ಳದವರೇ ಹೆಚ್ಚು ಸಿಕ್ಕಿಬಿದ್ದರು. ಯಂತ್ರಗಳನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು ಕಾಲೇಜಿನ ಹೊಣೆ. ಅದನ್ನು ಮಾಡದೆ ವಿದ್ಯಾರ್ಥಿಯ ಪೆನ್ ಡ್ರೈವನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಪೆನ್ ಡ್ರೈವನ್ನು ಪೂರ್ತಿ ನಿಷೇಧಿಸುವ ಬದಲು ಮೇಲ್ವಿಚಾರಕರ ಮೇಜಿನ ಒಂದು ಯಂತ್ರದಲ್ಲಿ ಪರೀಕ್ಷಿಸಿ ಅನುಮತಿ ಕೊಡುವ ವ್ಯವಸ್ಥೆಯೇ ಲೇಸೆಂದು ನನ್ನ ಅಭಿಪ್ರಾಯ.

ಅನುಮತಿಯಿಲ್ಲದೆ ತಂತ್ರಾಂಶಗಳನ್ನು ಅಳವಡಿಸಬಾರದೆಂಬುದು ಮತ್ತೊಂದು ನಿಯಮ. ಬೀಗ ಮುರಿದ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆಂದು ಹುಡುಗರು ಹಾಕಿಕೊಳ್ಳುತ್ತಾರೆ. ಬೀಗ ಮುರಿದವನು ಒಳಗೆ ಇನ್ನೇನನ್ನು ಇಟ್ಟಿದ್ದಾನೆಂದು ಯಾರಿಗೂ ತಿಳಿಯದು. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ನಕಲಿ ತಂತ್ರಾಂಶವನ್ನು ತಿಳಿದೂ ಬಳಸುವುದಕ್ಕೆ ಏಳು ದಿನಗಳಿಗೆ ಕಡಿಮೆಯಿಲ್ಲದ ಸೆರೆವಾಸವನ್ನೂ 50,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡವನ್ನೂ ಹೇಳಲಾಗಿದೆ. ಲಿಬ್ರೆ ಆಫೀಸ್, ಚಿತ್ರಗಳಿಗೆ ಗಿಂಪ್, ಪ್ರೋಗ್ರಾಮಿಂಗ್‌ಗೆ ಜಿ.ಸಿ.ಸಿ. ಮುಂತಾದ ಮುಕ್ತ ತಂತ್ರಾಂಶಗಳು ನ್ಯಾಯವಾಗಿಯೇ ಉಚಿತ. ಪದವಿ ಮಟ್ಟದ ಅಭ್ಯಾಸಕ್ಕೆ ಧಾರಾಳವಾಗಿ ಸಾಲುತ್ತವೆ.

ಇಲ್ಲಿ ಕನ್ನಡದ ವಿದ್ಯಾರ್ಥಿಗಳಿಗೆ ಒಂದು ತೊಡಕಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತವಾಗಿ ದೊರೆಯುವಂತಹದು, ಅದನ್ನು ಹಾಕಿಕೊಂಡರೆ ತಪ್ಪೇನು ಎಂದು ಬಿ.ಎ. ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ತಪ್ಪಿಲ್ಲ, ಆದರೆ ಹಾಕುವವರು ಮೇಲ್ವಿಚಾರಕರಾಗಬೇಕು. ಕೇಳಿದಾಗ ಅವರು ಹಾಕಿಕೊಡಲೇಬೇಕು. ಇಂಗ್ಲಿಷಿನಲ್ಲಿ ಮಾತ್ರ ಬರೆಯಬಲ್ಲ ಪ್ರಯೋಗಾಲಯ ನಮ್ಮ ಊರುಗಳಲ್ಲಿ ಅರ್ಧ ಪ್ರಯೋಗಾಲಯವಷ್ಟೇ. ವಿಂಡೋಸ್ ವ್ಯವಸ್ಥೆಯಲ್ಲಿ ಎಕ್ಸ್‌ಪಿ ಆವೃತ್ತಿಯ ಕಾಲದಿಂದಲೇ ಯೂನಿಕೋಡ್ ಕನ್ನಡವೂ ತುಂಗಾ ಅಕ್ಷರವಿನ್ಯಾಸವೂ ಇವೆ. ಕೀಲಿಮಣೆಯನ್ನು ಸಿದ್ಧಗೊಳಿಸುವುದು ಕೆಲವು ನಿಮಿಷಗಳ ಕೆಲಸ. ಸಿರಿಗೆರೆಯ ಶ್ರೀ ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು ಪಾಣಿನಿಯ ವ್ಯಾಕರಣಸೂತ್ರಗಳಿಗಾಗಿ ಗಣಕಾಷ್ಟಾಧ್ಯಾಯಿ ಎಂಬ ತಂತ್ರಾಂಶವನ್ನೇ ರೂಪಿಸಿದ್ದಾರೆ. ಕಂಪ್ಯೂಟರ್ ವಿಜ್ಞಾನದವರ ಸ್ವತ್ತು ಮಾತ್ರ, ಭಾಷೆ ಓದುವವರಿಗೆ ಅಲ್ಲಿ ಕೆಲಸವಿಲ್ಲ ಎನ್ನುವವರಿಗೆ ನಾನು ಆ ಹೆಸರನ್ನು ನೆನಪಿಸುತ್ತೇನೆ.

ಚಪ್ಪಲಿ, ಮಂಡಕ್ಕಿ, ಆಯುಧಪೂಜೆ

ಪಾದರಕ್ಷೆಗಳನ್ನು ಹೊರಗೆ ಬಿಡಬೇಕೆಂಬ ನಿಯಮಕ್ಕೆ ಕಾರಣ ಮಡಿಯಲ್ಲ, ಧೂಳು. ಕಡೂರಿನ ಬಯಲಿನ ಬೇಸಿಗೆಯ ಧೂಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಯಂತ್ರದೊಳಗಿನ ಫ್ಯಾನಿಗೆ ಧೂಳು ಕಟ್ಟಿದರೆ ಶಾಖ ಹೊರಹೋಗದೆ ಯಂತ್ರ ತಾನಾಗಿ ನಿಂತುಬಿಡುತ್ತದೆ. ತಿಂಡಿ ನಿಷೇಧಕ್ಕೆ ಕಾರಣ ಇಲಿ. ಕೀಲಿಮಣೆಯ ಮೇಲೆ ಉದುರಿದ ಮಂಡಕ್ಕಿ, ಕಡಲೆಬೀಜಕ್ಕಾಗಿ ರಾತ್ರಿ ಬಂದ ಇಲಿ, ಅದು ಮುಗಿದ ಮೇಲೆ ಕೇಬಲನ್ನು ಕಡಿಯುತ್ತದೆ. ವಿದ್ಯುತ್ ಹೋದಾಗ ಯು.ಪಿ.ಎಸ್. ಕೆಲವೇ ನಿಮಿಷ ಹಿಡಿಯುತ್ತದೆ. ಆ ನಿಮಿಷಗಳು ಕೆಲಸ ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು, ಮೊಬೈಲ್ ಚಾರ್ಜ್ ಮಾಡಲು ಅಲ್ಲ.

ಇನ್ನು ಆಯುಧಪೂಜೆ. ವಿಭೂತಿ, ಕುಂಕುಮ, ಹೂವುಗಳಿಗೆ ಆಕ್ಷೇಪವಿಲ್ಲ, ಮೇಜಿನ ಮೇಲಿಡಿ. ಮಾನಿಟರಿನ ಗಾಜಿಗೆ ಒದ್ದೆ ಬೆರಳಿನಿಂದ ಬಳಿದದ್ದನ್ನು, ಕೀಲಿಮಣೆಯ ಮೇಲೆ ತೀರ್ಥ ಚಿಮುಕಿಸಿದ್ದನ್ನು, ಗಾಳಿ ಹೋಗುವ ಕಿಂಡಿಗೆ ಮಾಲೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ವರ್ಷ ಪೂಜೆಯ ಮರುದಿನ ಎರಡು ಕೀಲಿಮಣೆಗಳು ಕೆಟ್ಟವು. ಆ ಪೂಜೆಯಲ್ಲಿ ತೀರ್ಥ ಚಿಮುಕಿಸಿದವರಲ್ಲಿ ನಾನೂ ಒಬ್ಬ.

ನೋಡುವುದು, ನಕಲು ಮಾಡುವುದು

ಅಶ್ಲೀಲ ತಾಣಗಳನ್ನು ನೋಡಬಾರದೆಂಬುದು ಎಲ್ಲ ಪತ್ರಗಳಲ್ಲಿಯೂ ಇರುತ್ತದೆ. ಅಂತಹುದನ್ನು ಇತರರಿಗೆ ಕಳುಹಿಸುವುದು 67ನೆಯ ಕಲಮಿನ ಅಪರಾಧವೆಂಬುದನ್ನು ಮಾತ್ರ ಸ್ಪಷ್ಟವಾಗಿ ಬರೆದಿರುವುದಿಲ್ಲ. ಮೊಬೈಲಿನಲ್ಲಿ ಬಂದದ್ದನ್ನು ತಮಾಷೆಗೆಂದು ಮುಂದೆ ಕಳುಹಿಸುವವರೂ ಇದರಲ್ಲಿ ಸೇರುತ್ತಾರೆ. ಸಹಪಾಠಿಯ ಖಾಸಗಿ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು ಅಥವಾ ಹರಡುವುದು 66ಇ ಕಲಮಿನಡಿ ಬರುತ್ತದೆ. ಹೆಣ್ಣುಮಕ್ಕಳು ಇದನ್ನು ಮನೆಯಲ್ಲಿ ಹೇಳಲು ಅಂಜುತ್ತಾರೆ, ಹೇಳಿದರೆ ಕಾಲೇಜನ್ನೇ ಬಿಡಿಸುತ್ತಾರೆಂಬ ಭಯ. ತಂದೆತಾಯಂದಿರು ಆ ಭಯಕ್ಕೆ ಆಸ್ಪದ ಕೊಡಬಾರದು. ತಪ್ಪು ಚಿತ್ರ ಹರಡಿದವನದು; ಓದು ನಿಲ್ಲಬೇಕಾದದ್ದು ಮಗಳದಲ್ಲ.

ಅಧ್ಯಯನ ಸಾಮಗ್ರಿಯ ವಿಷಯವೂ ಇದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಯೋಜನೆಯ ಮೂಲಕ ಸದಸ್ಯ ಕಾಲೇಜುಗಳಿಗೆ ಸಾವಿರಾರು ವಿದ್ವತ್ ಪತ್ರಿಕೆಗಳೂ ಲಕ್ಷಾಂತರ ವಿದ್ಯುನ್ಮಾನ ಪುಸ್ತಕಗಳೂ ದೊರೆಯುತ್ತವೆ. ಬೇಕಾದ ಲೇಖನವನ್ನು ಇಳಿಸಿಕೊಳ್ಳಬಹುದು. ಇಡೀ ಪತ್ರಿಕೆಯ ಸಂಚಿಕೆಗಳನ್ನು ಸಾಲಾಗಿ ಇಳಿಸಿಕೊಂಡರೆ ಪ್ರಕಾಶಕರು ಕಾಲೇಜಿನ ಸಂಪರ್ಕವನ್ನೇ ತಡೆಯಬಹುದು. ಒಬ್ಬನ ದುರಾಸೆಗೆ ಎಲ್ಲರ ಗ್ರಂಥಾಲಯ ಮುಚ್ಚಿದಂತಾಗುತ್ತದೆ. ಕೃತಿಚೌರ್ಯವನ್ನು ಕುರಿತು ಯು.ಜಿ.ಸಿ. 2018ರಲ್ಲಿ ನಿಯಮಾವಳಿ ಹೊರಡಿಸಿದೆ. ಸಾಮ್ಯ ಶೇಕಡಾ 10 ದಾಟಿದರೆ ಹಂತ ಹಂತವಾಗಿ ದಂಡನೆಗಳಿವೆ. ಚಾಟ್‌ಜಿಪಿಟಿಯಂತಹ ಸಾಧನಗಳ ವಿಷಯದಲ್ಲಿ ಕಾಲೇಜುಗಳು ಇನ್ನೂ ತಡವರಿಸುತ್ತಿವೆ. ಬರೆದದ್ದನ್ನು ಎದ್ದು ನಿಂತು ವಿವರಿಸು ಎಂದರೆ ಬಹುಪಾಲು ಸಂದೇಹ ಬಗೆಹರಿಯುತ್ತದೆ.

ನಿಯಮಗಳು ಕಾಲೇಜಿಗೂ ಅನ್ವಯಿಸುತ್ತವೆ

ಪತ್ರದಲ್ಲಿ ಸಾಮಾನ್ಯವಾಗಿ ಬರೆಯದೆ ಬಿಡುವ ಭಾಗ ಇದು; ನಾನು ಹೆಚ್ಚು ಹೇಳಬೇಕೆಂದುಕೊಂಡದ್ದೂ ಇದನ್ನೇ.

ಆ ನೋಟಿಸಿನಲ್ಲಿದ್ದ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಅಸಾಂವಿಧಾನಿಕವೆಂದು ರದ್ದುಗೊಳಿಸಿದೆ. ಇಲ್ಲದ ಕಾನೂನಿನ ಹೆಸರಿನಲ್ಲಿ ಒಂದು ಮನೆಯವರನ್ನು ಹೆದರಿಸಲಾಗಿತ್ತು. ಕಾಲೇಜಿನವರು ದುರುದ್ದೇಶದಿಂದ ಹೀಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಯಾವುದೋ ಹಳೆಯ ಪತ್ರವನ್ನು ನೋಡಿ ನಕಲು ಮಾಡಿದ್ದರು. ರದ್ದಾದ ಮೇಲೂ ದೇಶದಲ್ಲಿ ಆ ಕಲಮಿನಡಿ ಮೊಕದ್ದಮೆಗಳು ದಾಖಲಾಗುತ್ತಲೇ ಇದ್ದು, 2022ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮತ್ತೊಮ್ಮೆ ನಿರ್ದೇಶನ ಕೊಡಬೇಕಾಯಿತು ಎಂದಮೇಲೆ ಒಂದು ಕಾಲೇಜನ್ನು ಮಾತ್ರ ದೂರಿ ಫಲವಿಲ್ಲ. ಆದರೆ ವಿದ್ಯಾರ್ಥಿಗಳಿಗೆ ನಕಲು ಮಾಡಬೇಡಿರೆಂದು ಹೇಳುವ ಪತ್ರವೇ ನಕಲಾಗಿರುವುದು ಶೋಭಿಸುವುದಿಲ್ಲ. ನಿಮ್ಮ ಮಕ್ಕಳ ಕಾಲೇಜಿನ ಪತ್ರದಲ್ಲಿ ಈ ಕಲಮು ಕಂಡರೆ ಪ್ರಾಂಶುಪಾಲರ ಗಮನಕ್ಕೆ ಗೌರವದಿಂದ ತನ್ನಿರಿ.

ಎರಡನೆಯದು, ಕಾಲೇಜು ಏನನ್ನು ನೋಡಬಹುದು ಎಂಬ ಪ್ರಶ್ನೆ. ಯಾರು ಯಾವ ಯಂತ್ರದಲ್ಲಿ ಎಷ್ಟು ಹೊತ್ತು ಇದ್ದರು, ಯಾವ ತಾಣಗಳಿಗೆ ಹೋದರು ಎಂಬ ದಾಖಲೆಯನ್ನು ಕಾಲೇಜು ಇಡಬಹುದು, ಹಾಗೆ ಇಡುತ್ತೇವೆಂದು ಮೊದಲೇ ತಿಳಿಸಬೇಕು. ವಿದ್ಯಾರ್ಥಿಯ ಸ್ವಂತ ಮಿಂಚಂಚೆಯನ್ನೋ ಮೊಬೈಲನ್ನೋ ಕಿತ್ತುಕೊಂಡು ಓದುವ ಹಕ್ಕು ಮೇಲ್ವಿಚಾರಕರಿಗಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದವರು.

ಮೂರನೆಯದು ದಂಡನೆ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಡುಗಡೆ ಮಾಡಿದ ಒಂದು ಪ್ರೋಗ್ರಾಂ ತಾನಾಗಿ ಹರಡಿ ಸಾವಿರಾರು ಯಂತ್ರಗಳನ್ನು ನಿಲ್ಲಿಸಿತು. ನ್ಯಾಯಾಲಯ ಆತನನ್ನು ಅಪರಾಧಿಯೆಂದು ಘೋಷಿಸಿತು. ಆದರೆ ಜೈಲಿಗೆ ಕಳುಹಿಸದೆ ಮೂರು ವರ್ಷಗಳ ಸನ್ನಡತೆಯ ನಿಗಾ, 400 ಗಂಟೆಗಳ ಸಮುದಾಯ ಸೇವೆ ಮತ್ತು ಸುಮಾರು 10,000 ಡಾಲರ್ ದಂಡವನ್ನು ವಿಧಿಸಿತು. ಮುಂದೆ ಆತ ಎಂ.ಐ.ಟಿ.ಯಲ್ಲಿಯೇ ಪ್ರಾಧ್ಯಾಪಕನಾದ. ತಪ್ಪಿಗೆ ದಂಡನೆ ಇರಲೇಬೇಕು, ಓದನ್ನು ಕಿತ್ತುಕೊಳ್ಳುವ ದಂಡನೆ ಕಟ್ಟಕಡೆಯದಾಗಿರಬೇಕು. ಅದಕ್ಕೂ ಮೊದಲು ಆರೋಪವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿ, ಅವನ ಮಾತನ್ನು ಕೇಳಬೇಕು.

ಆ ಹುಡುಗನ ವಿಷಯದಲ್ಲಿ ಪ್ರಾಂಶುಪಾಲರು ಎರಡನೆಯ ಬಾರಿ ಸಮಿತಿ ಕರೆದರು. ನಾನೂ ಹೋಗಿದ್ದೆ. ಪಾಸ್‌ವರ್ಡ್ ಹಂಚಿಕೊಂಡ ತಪ್ಪಿಗೆ ಆತ ಲಿಖಿತವಾಗಿ ಕ್ಷಮೆ ಕೇಳಿ, ಕೆಲವು ಶನಿವಾರ ಮಧ್ಯಾಹ್ನ ಮೇಲ್ವಿಚಾರಕರ ಜೊತೆ ನಿಂತು ಯಂತ್ರಗಳ ಧೂಳು ತೆಗೆಯಬೇಕೆಂದು ತೀರ್ಮಾನವಾಯಿತು. ಪ್ರಾಯೋಗಿಕ ತರಗತಿಗೆ ಅಡ್ಡಿಯಿಲ್ಲ. ಬರೆದವನು ಇನ್ನೊಬ್ಬನೆಂದು ಒಪ್ಪಿಕೊಂಡ. ಅಲ್ಲಿ ಒಬ್ಬ ಹಿರಿಯ ಸದಸ್ಯರು, "ಹುಡುಗರು, ಬುದ್ಧಿ ಹೇಳಿ ಬಿಟ್ಟುಬಿಡೋಣ, ಮೇಡಮ್ಮನವರೂ ದೊಡ್ಡ ಮನಸ್ಸು ಮಾಡಲಿ" ಎಂದರು. ಪ್ರಾಂಶುಪಾಲರು ಒಪ್ಪಲಿಲ್ಲ. ನೊಂದವರ ಪರವಾಗಿ ದೊಡ್ಡ ಮನಸ್ಸು ಮಾಡುವ ಅಧಿಕಾರ ಸಮಿತಿಗಿಲ್ಲ, ಪೊಲೀಸರಿಗೆ ದೂರು ಕೊಡುವುದೂ ಬಿಡುವುದೂ ಅವರ ಇಷ್ಟ, ಎರಡಕ್ಕೂ ಕಾಲೇಜು ಬೆಂಬಲವಾಗಿ ನಿಲ್ಲುತ್ತದೆ ಎಂದರು. ಆ ಮಾತು ನನಗೆ ಸರಿಯೆನಿಸಿತು. ಉಪನ್ಯಾಸಕಿಯವರು ದೂರು ಕೊಡಲಿಲ್ಲ. ಆ ವಿದ್ಯಾರ್ಥಿಯ ತರಗತಿಗೆ ಮತ್ತೆ ಪಾಠ ಮಾಡಲು ಒಪ್ಪಲೂ ಇಲ್ಲ. ಅದನ್ನೂ ಕಾಲೇಜು ಮನ್ನಿಸಿತು.

ಇನ್ನೊಂದು ಅತಿಯೂ ಉಂಟು. ಹಾಳಾದರೆ ಯಾರು ಹೊಣೆ ಎಂಬ ಅಂಜಿಕೆಯಿಂದ ಪ್ಲಾಸ್ಟಿಕ್ ಹೊದಿಕೆ ಹಾಕಿ ಬೀಗ ಜಡಿದ ಪ್ರಯೋಗಾಲಯಗಳನ್ನು ನೋಡಿದ್ದೇನೆ. ತಪಾಸಣಾ ಸಮಿತಿ ಬಂದ ದಿನ ಮಾತ್ರ ತೆರೆಯುತ್ತವೆ. ದಾನಿಗಳು ಕೊಟ್ಟ ಹಣದಲ್ಲಿ ಕೊಂಡ ಯಂತ್ರ ಬಳಕೆಯಾಗದೆಯೇ ಹಳತಾಗುವುದಕ್ಕಿಂತ ಬಳಸಿ ಕೆಡುವುದೇ ಮೇಲು.

ಕನ್ನಡದಲ್ಲಿ ಸಿದ್ಧಪಡಿಸಿದ ಒಂದು ಪುಟದ ನಿಯಮಪತ್ರವು ಶ್ರೀಮಠದ ಕಚೇರಿಯಲ್ಲಿ ಲಭ್ಯವಿದೆ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಯಾವುದೇ ಕಾಲೇಜಿನವರು ಅದನ್ನು ಪಡೆದು ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು. ಅದರಲ್ಲಿ ಒಂದು ಅಂಶವನ್ನು ಖಾಲಿ ಬಿಟ್ಟಿದ್ದೇವೆ: ಪಾಠದ ಅವಧಿ ಮುಗಿದ ಮೇಲೆ ಪ್ರಯೋಗಾಲಯ ಎಷ್ಟು ಗಂಟೆಯವರೆಗೆ ತೆರೆದಿರಬೇಕು? ಪಟ್ಟಣದಲ್ಲಿರುವ ಮಕ್ಕಳು ಆರು ಗಂಟೆಯವರೆಗೆ ಬೇಕೆನ್ನುತ್ತಾರೆ. ಹಳ್ಳಿಗೆ ಹೋಗುವ ಹೆಣ್ಣುಮಕ್ಕಳಿಗೆ ಬಸ್ಸು ಅದಕ್ಕೂ ಮೊದಲೇ ಹೊರಡುತ್ತದೆ. ಸಂಜೆಯ ಸಮಯವನ್ನು ಹೆಚ್ಚಿಸಿದರೆ ಆ ಲಾಭ ಅವರಿಗೆ ದಕ್ಕುವುದಿಲ್ಲ. ಬೆಳಿಗ್ಗೆ ತರಗತಿಗೆ ಮುಂಚೆ ಒಂದು ಗಂಟೆ ತೆರೆಯಬಹುದೇ, ಮೇಲ್ವಿಚಾರಕರು ಅಷ್ಟು ಬೇಗ ಬರಲಾದೀತೇ ಎಂಬುದನ್ನು ವಿಚಾರಿಸುತ್ತಿದ್ದೇವೆ. ಮಕ್ಕಳು ಯಾವ ಬಸ್ಸಿಗೆ ಬರುತ್ತಾರೆ, ಎಷ್ಟು ಹೊತ್ತಿಗೆ ಮನೆ ಸೇರುತ್ತಾರೆ ಎಂಬುದನ್ನು ಪೋಷಕರು ಮಠದ ಕಚೇರಿಗೆ ತಿಳಿಸಿದರೆ ಆ ಖಾಲಿ ಜಾಗವನ್ನು ತುಂಬಲು ಅನುಕೂಲವಾಗುತ್ತದೆ.